ಅಗ್ಗದ ಸ್ಟಾಕ್ ಫೋಟೋ ಮಾರಾಟ: ಆಟಿ ತಿಂಗಳ ಖರ್ಚಿಗಾದರೂ ಆಗುತ್ತದಾ?

ಆಟಿಯ ಕ್ಯಾಮರಾ (ಸೋಮವಾರ ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ಬದಿಯಡ್ಕದಲ್ಲಿ ನಂದು ಸಣ್ಣ ಸ್ಟುಡಿಯೋ. ಮದುವೆ, ಉಪನಯನ, ಗೃಹಪ್ರವೇಶ, ಪಾಸ್‌ಪೋರ್ಟ್ ಫೋಟೋ. ಆಟಿ, ಅಂದರೆ ನಮ್ಮ ತುಳುನಾಡಿನ ಮಳೆ ತಿಂಗಳು, ಬಂತೆಂದರೆ ಮದುವೆ ಇಲ್ಲ. ಬಾಗಿಲು ತೆರೆದಿಟ್ಟು ಮಳೆ ನೋಡುತ್ತಾ ಕೂರುವುದೇ ಕೆಲಸ. ಕ್ಯಾಮರಾದ ಕಂತಿಗೆ ಮಾತ್ರ ಆಟಿ ಗೀಟಿ ಏನಿಲ್ಲ.

ಮೊನ್ನೆ ಅಕ್ಕನ ಮಗ ಬಂದು ಯೂಟ್ಯೂಬಿನಲ್ಲಿ ಒಂದು ವಿಡಿಯೋ ತೋರಿಸಿದ. ಮಲಗಿದಲ್ಲೇ ತಿಂಗಳಿಗೆ ಲಕ್ಷ ಅಂತೆ. ಹಳೇ ಫೋಟೋಗಳನ್ನು ಶಟರ್‌ಸ್ಟಾಕ್, ಅಡೋಬಿ ಸ್ಟಾಕ್ ಇಂಥ ಫೋಟೋ ಮಾರುವ ತಾಣಗಳಿಗೆ ಏರಿಸಿಬಿಟ್ಟರೆ ಸಾಕು, ಲೋಕದ ಯಾವ್ಯಾವುದೋ ಮೂಲೆಯವರು ಕೊಳ್ಳುತ್ತಾ ಇರುತ್ತಾರಂತೆ. ನನ್ನ ಹಾರ್ಡ್‌ಡಿಸ್ಕಿನಲ್ಲಿ ಹತ್ತು ವರ್ಷದ ಚಿತ್ರ ಕೊಳೆಯುತ್ತಾ ಬಿದ್ದಿದೆ. ಬೇಕಲ ಕೋಟೆಯ ಸೂರ್ಯಾಸ್ತವೇ ನಾನೂರು ಇರಬಹುದು. ಮದುವೆಯದ್ದು ಎಷ್ಟು ಅಂತ ಕೇಳಲೇಬೇಡಿ.

ಆದರೆ ಒಂದು ಫೋಟೋಕ್ಕೆ ಎಂಟೋ ಹತ್ತೋ ರೂಪಾಯಿ ಸಿಗುವುದಂತೆ. ಒಂದು ಚಾಯದ ದುಡ್ಡು. ಅಷ್ಟಕ್ಕೆ ಕೊಡಬಹುದಾ? ಮಾಡಿ ನೋಡಿದವರು ಇದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ.

ಕುಂಬಳೆ ಭಾವ

ನಾನು ಮಾಡಿದ್ದೇನೆ. ಹೊಟ್ಟೆಪಾಡಿಗೆ ತೋಟ, ಕ್ಯಾಮರಾ ಬರೀ ಹುಚ್ಚು. ಲೆಕ್ಕದ ಪುಸ್ತಕ ಎದುರಿಗೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಮೂರು ವರ್ಷದಲ್ಲಿ 640 ಚಿತ್ರ ಕಳಿಸಿದೆ. 412 ಪಾಸಾದವು. ಎಲ್ಲ ತಾಣ ಸೇರಿ ಬಂದದ್ದು 131 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೆ ಹನ್ನೊಂದು ಸಾವಿರದ ಚಿಲ್ಲರೆ. ಒಂದೊಂದು ಚಿತ್ರ ಆರಿಸಿ, ಸೆನ್ಸರಿನ ಧೂಳಿನ ಚುಕ್ಕೆ ಒರೆಸಿ, ಹೆಸರು ಬರೆದು, ಕೀವರ್ಡ್ (ಹುಡುಕುವವರು ಬಳಸುವ ಪದಗಳು) ತುಂಬಿಸಲು ಕಾಲು ಗಂಟೆ ಹಿಡಿಯುತ್ತದೆ. ಒಟ್ಟು 160 ಗಂಟೆ ಆಯಿತು. ಗಂಟೆಗೆ ಎಪ್ಪತ್ತು ರೂಪಾಯಿಯೂ ಬೀಳಲಿಲ್ಲ. ನಮ್ಮ ಅಂಗಳದಲ್ಲಿ ಅಡಿಕೆ ಸುಲಿಯುವವರಿಗೆ ನಾನೇ ಇದಕ್ಕಿಂತ ಜಾಸ್ತಿ ಕೊಡುತ್ತೇನೆ!

ಚಿತ್ರ ತೆಗೆಯಲು ಹೋದ ಪೆಟ್ರೋಲು, ಲೆನ್ಸಿನ ದುಡ್ಡು ಇದರಲ್ಲಿ ಸೇರಿಸಲಿಲ್ಲ. ಸೇರಿಸಿದರೆ ಮನೆಯವಳಿಗೆ ತೋರಿಸುವ ಹಾಗಿಲ್ಲ.

ಮೊಗ್ರಾಲ್ ಹುಡುಗ

ಹಹ್ಹ ಭಾವ, ನೀವು ಇಷ್ಟು ಪ್ರಾಮಾಣಿಕ ಆದರೆ ಇದನ್ನು ಕಲಿಸುತ್ತೇವೆ ಅಂತ 999 ರೂಪಾಯಿಯ ಕೋರ್ಸ್ ಮಾರುವವರು ಏನು ಮಾಡಬೇಕು?

ಆಟಿಯ ಕ್ಯಾಮರಾ

ಯಾವುದು ಹೋಯಿತು, ಯಾವುದು ಹೋಗಲಿಲ್ಲ ಅಂತಲೂ ಹೇಳಿ ಭಾವ. ನನಗೆ ಸೂರ್ಯಾಸ್ತದ ಮೇಲೆ ತುಂಬ ನಂಬಿಕೆ ಇತ್ತು.

ಕುಂಬಳೆ ಭಾವ

ಸೂರ್ಯಾಸ್ತವನ್ನು ಮರೆತುಬಿಡಿ. ನಾನು ಅರುವತ್ತು ಹಾಕಿದ್ದೆ, ಎರಡು ಹೋಯಿತು. ಸೂರ್ಯ ಎಲ್ಲಾ ಊರಿನಲ್ಲೂ ಮುಳುಗುತ್ತಾನೆ ಮಾರಾಯ್ರೆ, ಎಲ್ಲಾ ಊರಿನಲ್ಲೂ ಒಬ್ಬ ಕ್ಯಾಮರಾ ಹಿಡಿದು ನಿಂತಿರುತ್ತಾನೆ.

ಹೋದದ್ದು ಎಂತ ಗೊತ್ತುಂಟಾ? ಮರದ ತುದಿಯಲ್ಲಿ ಕೂತು ಅಡಿಕೆಗೆ ಮದ್ದು ಬಿಡುತ್ತಿರುವ ಒಂದು ಚಿತ್ರ. ಗೊನೆಯ ಮೇಲೆ ಆ ನೀಲಿ ಮಂಜು ಬೀಳುತ್ತಿದೆ, ಹಿಂದೆ ಮೋಡ. ಅದೊಂದೇ 40 ಸಲ ಹೋಯಿತು. ಮತ್ತೆ ಅಂಗಳದಲ್ಲಿ ಹರಡಿದ ಅಡಿಕೆ, ಹಾಳೆತಟ್ಟೆ ಒತ್ತುವ ಯಂತ್ರ, ಮೈಲುತುತ್ತು ಕಲಸಿದ ಡ್ರಮ್ಮು. ಡ್ರಮ್ಮಿನ ಚಿತ್ರ ಯಾಕೆ ಹಾಕಿದೆ ಅಂತ ನನಗೇ ನೆನಪಿಲ್ಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಅಂತ ಇಂಗ್ಲಿಷಿನಲ್ಲಿ ವಿವರ ಬರೆದಿದ್ದೆ. ಕೃಷಿ ಪುಸ್ತಕ ಮಾಡುವವರು ಹುಡುಕಿಕೊಂಡು ಬಂದಿರಬೇಕು. 131ರಲ್ಲಿ 88 ಡಾಲರ್ ಇಂಥ 23 ಚಿತ್ರಗಳದ್ದೇ.

ಹಳೇ ರೋಲು

ಉಪ್ಪಳದಿಂದ ಬರೆಯುತ್ತಿದ್ದೇನೆ. ನಾನು ಫಿಲ್ಮಿನ ಕಾಲದವ. 1991ರಲ್ಲಿ ಒಂದು ಯಕ್ಷಗಾನದ ಸ್ಲೈಡನ್ನು ಮುಂಬೈಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದೆ, ಎರಡು ರಟ್ಟಿನ ನಡುವೆ ಇಟ್ಟು. ಕ್ಯಾಲೆಂಡರಿಗೆ ಬಳಸಿದರು. 1,500 ರೂಪಾಯಿ ಬಂತು. ಆಗಿನ 1,500.

ಆ ಲೋಕ ಹಾಳಾದದ್ದು ಹೇಗೆ ಅಂತ ಕೇಳಿ. 2000ದಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಬ್ರೂಸ್ ಲಿವಿಂಗ್‌ಸ್ಟನ್ ಎಂಬವರು ಐಸ್ಟಾಕ್‌ಫೋಟೋ ಶುರು ಮಾಡಿದರು. ಮೊದಲು ಪುಕ್ಕಟೆ ವಿನಿಮಯ, ಆಮೇಲೆ ಒಂದು ಚಿತ್ರಕ್ಕೆ 25 ಸೆಂಟ್. ದೊಡ್ಡ ಏಜೆನ್ಸಿಗಳು ನೂರಾರು ಡಾಲರ್ ಕೇಳುತ್ತಿದ್ದ ಕಾಲ ಅದು. 2006ರಲ್ಲಿ ಗೆಟ್ಟಿ ಇಮೇಜಸ್‌ನವರು ಅದನ್ನೇ 5 ಕೋಟಿ ಡಾಲರಿಗೆ ಕೊಂಡರು. ಶಟರ್‌ಸ್ಟಾಕ್‌ನ ಜಾನ್ ಆರಿಂಜರ್ 2003ರಲ್ಲಿ ತಾನೇ ತೆಗೆದ 30,000 ಚಿತ್ರ ಇಟ್ಟುಕೊಂಡು ನ್ಯೂಯಾರ್ಕಿನಲ್ಲಿ ಅಂಗಡಿ ತೆರೆದರು. ತಿಂಗಳ ಚಂದಾ ಕಟ್ಟಿ, ಬೇಕಾದಷ್ಟು ಇಳಿಸಿಕೊಳ್ಳಿ ಅನ್ನುವ ಲೆಕ್ಕ. ಅವರು ಶತಕೋಟ್ಯಧಿಪತಿ ಆದರು. ಅಂಗಡಿ ಇಟ್ಟವರಿಗೆ ದುಡ್ಡಾಯಿತು. ಸರಕು ಹೊತ್ತುಕೊಂಡು ಹೋದ ನಮಗೆ ಚಾಯ.

ಕೊಡಬೇಡಿ ಅಂತಲೇ ನನ್ನ ಮಾತು. ಎಂಟು ರೂಪಾಯಿಗೆ ಕೊಟ್ಟವನ ಹತ್ತಿರ ನಾಳೆ ಯಾರೂ ಎಂಟುನೂರು ಕೊಡುವುದಿಲ್ಲ.

ಪೆರ್ಲದಕ್ಕ

ರೋಲಣ್ಣ, ನಿಮ್ಮ ಸಿಟ್ಟು ನ್ಯಾಯದ್ದೇ. ಆದರೆ ನಾವು ಕೊಡದಿದ್ದರೆ ಬೆಲೆ ಏರುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಪುಕ್ಕಟೆ ಕೊಡುವ ಅನ್‌ಸ್ಪ್ಲಾಶ್, ಪೆಕ್ಸೆಲ್ಸ್ ಇವೆಯಲ್ಲ. ಅನ್‌ಸ್ಪ್ಲಾಶನ್ನೂ 2021ರಲ್ಲಿ ಗೆಟ್ಟಿಯವರೇ ಕೊಂಡರು. ಆ ಗೆಟ್ಟಿ ಮತ್ತು ಶಟರ್‌ಸ್ಟಾಕ್ ಒಂದಾಗುತ್ತೇವೆ ಅಂತ 2025ರ ಜನವರಿಯಲ್ಲಿ ಘೋಷಿಸಿದರು.

ದರದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಆಟಿಯಣ್ಣನಿಗೆ ಬೇಕಾಗುತ್ತದೆ. ಅಡೋಬಿ ಸ್ಟಾಕ್‌ನಲ್ಲಿ ಮಾರಿದ ಬೆಲೆಯಲ್ಲಿ ತೆಗೆದವರ ಪಾಲು ಫೋಟೋಕ್ಕೆ ಶೇಕಡಾ 33, ವಿಡಿಯೋಕ್ಕೆ 35. ಇದು ಎಲ್ಲರಿಗೂ ಒಂದೇ. ಶಟರ್‌ಸ್ಟಾಕ್ 2020ರ ಜೂನ್‌ನಲ್ಲಿ ಮೆಟ್ಟಿಲಿನ ಲೆಕ್ಕ ತಂದಿತು. ವರ್ಷದಲ್ಲಿ ನಿಮ್ಮ ಚಿತ್ರ 100 ಸಲ ಇಳಿಯುವವರೆಗೆ ಶೇಕಡಾ 15. ಆಮೇಲೆ 20, 25, ಹೀಗೆ ಏರುತ್ತಾ 25,000 ದಾಟಿದವರಿಗೆ 40. ಚಂದಾದಾರರು ಇಳಿಸಿಕೊಂಡರೆ ಕನಿಷ್ಠ 10 ಸೆಂಟ್. ಅಂದರೆ ನಮ್ಮ ಎಂಟೂವರೆ ರೂಪಾಯಿ. ಇದರ ತಮಾಷೆ ಏನೆಂದರೆ, ಜನವರಿ 1ಕ್ಕೆ ಎಲ್ಲರೂ ಮತ್ತೆ ಕೆಳಗಿನ ಮೆಟ್ಟಿಲಿಗೆ. ಮನೆ ಕೆಲಸದ ಹಾಗೆ, ಎಷ್ಟು ಮಾಡಿದರೂ ಬೆಳಿಗ್ಗೆ ಪಾತ್ರೆ ಅಷ್ಟೇ ಇರುತ್ತದೆ.

ಇನ್ನು ಮದುವೆಯ ಫೋಟೋ. ಅಣ್ಣ, ದಯವಿಟ್ಟು ಅದನ್ನು ಮುಟ್ಟಲೇಬೇಡಿ. ಗುರುತು ಸಿಗುವ ಪ್ರತಿಯೊಬ್ಬರಿಂದಲೂ ಮಾಡೆಲ್ ರಿಲೀಸ್ ಅಂತ ಸಹಿ ಬೇಕು. ಮದುಮಗಳು, ಮದುಮಗ, ಹಿಂದೆ ಹೋಳಿಗೆ ಬಡಿಸುತ್ತಿರುವ ಚಿಕ್ಕಪ್ಪ, ಎಲ್ಲರದ್ದೂ.

ಲೆಕ್ಕದ ಮಾಷ್ಟ್ರು

ಅಕ್ಕ ಹೇಳಿದ್ದಕ್ಕೆ ಇನ್ನೊಂದು ಸೇರಿಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಯಾರು ಫೋಟೋ ತೆಗೆಸಿದರೋ ಅವರೇ ಅದರ ಮೊದಲ ಹಕ್ಕುದಾರರು. ಬೇರೆ ಥರ ಒಪ್ಪಂದ ಆಗಿದ್ದರೆ ಮಾತು ಬೇರೆ. ಆಟಿಯವರೇ, ನಿಮ್ಮ ಹಾರ್ಡ್‌ಡಿಸ್ಕಿನಲ್ಲಿರುವ ಮದುವೆಗಳು ನಿಮ್ಮವಲ್ಲ, ಮದುವೆ ಮನೆಯವರದ್ದು.

ಆಟಿಯ ಕ್ಯಾಮರಾ

ಅಯ್ಯೋ. ಇಪ್ಪತ್ತು ವರ್ಷದಿಂದ ಸ್ಟುಡಿಯೋ ನಡೆಸುತ್ತಿದ್ದೇನೆ, ಇದು ಗೊತ್ತೇ ಇರಲಿಲ್ಲ. ಶೋಕೇಸಿನಲ್ಲಿ ಇಟ್ಟಿರುವ ಆ ದೊಡ್ಡ ಮದುಮಗಳ ಫೋಟೋಕ್ಕೂ ಕೇಳಬೇಕಾ ಹಾಗಾದರೆ?

ಲೆಕ್ಕದ ಮಾಷ್ಟ್ರು

ಕೇಳುವುದು ಒಳ್ಳೆಯದು. ಮುಂದಿನ ಬುಕಿಂಗ್ ರಶೀದಿಯಲ್ಲೇ ಒಂದು ಸಾಲು ಬರೆಸಿ, ಸಹಿ ಹಾಕಿಸಿಕೊಳ್ಳಿ.

ಫ್ಲೆಕ್ಸ್‌ಮನೆ

ಕಾಸರಗೋಡು ಹೊಸ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮ ಡಿಸೈನ್ ಅಂಗಡಿ. ಕೊಳ್ಳುವವರ ಕಡೆಯಿಂದ ಒಂದು ಮಾತು.

ಸತ್ಯ ಹೇಳಬೇಕೆಂದರೆ ಹೆಚ್ಚಿನ ಫ್ಲೆಕ್ಸಿಗೆ ನಾವು ಚಿತ್ರ ಕೊಳ್ಳುವುದೇ ಇಲ್ಲ. ಪುಕ್ಕಟೆಯದ್ದು ಹುಡುಕಿ ಹಾಕುತ್ತೇವೆ. ಗಿರಾಕಿ ಸಂಜೆ ಬಂದು ಬೆಳಿಗ್ಗೆಗೆ ಬೇಕು ಅಂತಾನೆ, ಅವನಿಗೆ ಫೋಟೋದ ದುಡ್ಡು ಬೇರೆ ಅಂದರೆ ಎದ್ದು ಪಕ್ಕದ ಅಂಗಡಿಗೆ ಹೋಗುತ್ತಾನೆ.

ಆದರೆ ಹೋದ ತಿಂಗಳು ಸಿಕ್ಕಿಬಿದ್ದೆ. ಒಂದು ಸಹಕಾರಿ ಸಂಘದ ಕ್ಯಾಲೆಂಡರ್. ಮುಖಪುಟಕ್ಕೆ ಅಡಿಕೆ ತೋಟದಲ್ಲಿ ಕೃಷಿಕ ಬೇಕು. ಹುಡುಕಿದರೆ ಎಲ್ಲಾ ಕಡೆ ಗದ್ದೆ, ಬಿದಿರಿನ ಚೂಪು ಟೊಪ್ಪಿ ಹಾಕಿದ ವಿಯೆಟ್ನಾಮಿನ ರೈತ. ಅಡಿಕೆ ಮರ ಅಂತ ಕೇಳಿದರೆ ಹೋಟೆಲ್ ಲಾಬಿಯ ಕುಂಡದಲ್ಲಿರುವ ಅಲಂಕಾರದ ಗಿಡ. ಕೊನೆಗೆ ಟೊಪ್ಪಿಯನ್ನು ಫೋಟೋಶಾಪಿನಲ್ಲಿ ಮುಟ್ಟಾಳೆ (ನಮ್ಮ ಅಡಿಕೆ ಹಾಳೆಯ ಟೊಪ್ಪಿ) ಮಾಡಲು ಕೂತೆ. ರಾತ್ರಿ ಒಂದೂವರೆ ಆಯಿತು. ಸಂಘದ ಅಧ್ಯಕ್ಷರು ನೋಡಿ, "ಇದು ಯಾವ ಊರಿನ ಮುಟ್ಟಾಳೆ ಮಾರಾಯ?" ಅಂದರು.

ಸರಿಯಾದ ಮುಟ್ಟಾಳೆಯ ಚಿತ್ರ, ಸಹಿ ಸಮೇತ, ಯಾರಾದರೂ ನೇರ ಕೊಟ್ಟರೆ 500 ರೂಪಾಯಿ ಕೊಡುತ್ತೇನೆ. ಸುಮ್ನೆ ಹೇಳುತ್ತಿಲ್ಲ.

ಪೆರ್ಲದಕ್ಕ

ನೋಡಿ, 500 ಅಂದರೆ ಅಲ್ಲಿನ ಸುಮಾರು ಅರುವತ್ತು ಡೌನ್‌ಲೋಡು! ಒಂದು ಫೋನ್ ಕರೆಗೆ.

ಹಳೇ ರೋಲು

ಸಂಘದವರು ಎಷ್ಟು ಕ್ಯಾಲೆಂಡರ್ ಅಚ್ಚು ಹಾಕುತ್ತಾರೆ?

ಫ್ಲೆಕ್ಸ್‌ಮನೆ

ಮೂರು ಸಾವಿರ. ತಾಣದಿಂದ ತೆಗೆದುಕೊಂಡರೆ ಸಾಮಾನ್ಯ ಲೈಸೆನ್ಸಿನಲ್ಲೇ 5 ಲಕ್ಷ ಪ್ರತಿವರೆಗೆ ಅಚ್ಚು ಹಾಕಬಹುದು ಅಣ್ಣ. ತೆಗೆದವರಿಗೆ ಅದೇ ಎಂಟೂವರೆ.

ಹಳೇ ರೋಲು

ಬೇಡ, ಇನ್ನು ಹೇಳಬೇಡಿ. ಬಿ.ಪಿ. ಏರುತ್ತದೆ.

ಮೊಗ್ರಾಲ್ ಹುಡುಗ (ಮಂಗಳವಾರ)

ಎಲ್ಲರೂ ತೋಟ, ಡ್ರಮ್ಮು ಅಂತ ಹೇಳುತ್ತಿದ್ದೀರಿ. ನಮ್ಮಲ್ಲಿ ತೆಯ್ಯಂ ಉಂಟು, ಭೂತಕೋಲ ಉಂಟು. ಜಗತ್ತಿನಲ್ಲೇ ಬೇರೆಲ್ಲೂ ಇಲ್ಲದ ಬಣ್ಣ. ಅದನ್ನು ಹಾಕಿದರೆ ಚೆನ್ನಾಗಿ ಹೋಗುತ್ತದೆ ಅಲ್ವಾ? ಮುಖದ ತುಂಬ ಬಣ್ಣ ಇರುವಾಗ ಸಹಿಯೂ ಬೇಡ, ಯಾರೆಂದು ಯಾರಿಗೆ ಗೊತ್ತಾಗುತ್ತದೆ?

ಹಳೇ ರೋಲು

ಯಾರೆಂದು ಊರಿಗೆಲ್ಲ ಗೊತ್ತಾಗುತ್ತದೆ ಮಗಾ. ಕಟ್ಟಿದವನ ಹೆಂಡತಿ ಮಕ್ಕಳಿಗೆ ಗೊತ್ತಾಗುವುದಿಲ್ಲವಾ?

ನೀನು ಬೆಳಗಿನ ಜಾವ ಕೈ ಮುಗಿದು, ಕಾಣಿಕೆ ಹಾಕಿ, ಪ್ರಸಾದ ತೆಗೆದುಕೊಂಡ ಮುಖ ಅದು. ಜಾಹೀರಾತಿಗೆ ಅಂತ ಮಾರಿದರೆ ನಾಳೆ ಯಾವುದೋ ರೆಸಾರ್ಟಿನ ಬಾರ್ ಬೋರ್ಡಿನಲ್ಲಿ, ಟಿ-ಶರ್ಟಿನ ಹೊಟ್ಟೆಯ ಮೇಲೆ ಇರುತ್ತದೆ. ನಿನಗೆ ಕೇಳುವ ಹಕ್ಕೂ ಇರುವುದಿಲ್ಲ, ಲೈಸೆನ್ಸ್ ಕೊಟ್ಟಾಗಿದೆ. ತೆಯ್ಯಂ ನಡೆಯುವ ಎಷ್ಟೋ ತರವಾಡು ಮನೆಗಳಲ್ಲಿ ಈಗ ಕ್ಯಾಮರಾ ಒಳಗೇ ಬಿಡುವುದಿಲ್ಲ, ಸುಮ್ನೆ ಅಲ್ಲ ಅದು.

ಮೊಗ್ರಾಲ್ ಹುಡುಗ

ಬೇಜಾರು ಮಾಡಬೇಡಿ ಅಣ್ಣ, ಕೇಳಿದ್ದಷ್ಟೇ. ಹಾಗಾದರೆ ತೆಗೆಯಲೇಬಾರದಾ?

ಪೆರ್ಲದಕ್ಕ

ತೆಗೆಯಬಹುದು. ಒಳಗಿನವರ ಒಪ್ಪಿಗೆ ಕೇಳಿ ತೆಗೆಯಿರಿ. ಮಾರುವುದಾದರೆ "ಎಡಿಟೋರಿಯಲ್ ಮಾತ್ರ" ಅಂತ ಗುರುತು ಹಾಕಿ. ಆಗ ಪತ್ರಿಕೆ, ಪುಸ್ತಕ, ಪಾಠಕ್ಕೆ ಬಳಸಬಹುದು, ಜಾಹೀರಾತಿಗೆ ಇಲ್ಲ. ಸಹಿ ಇಲ್ಲದಿದ್ದರೂ ಅದು ನಡೆಯುತ್ತದೆ. ವಿವರ ಮಾತ್ರ ಅವರು ಹೇಳಿದ ಕ್ರಮದಲ್ಲೇ ಇರಬೇಕು: ಊರು, ದೇಶ, ತಾರೀಕು, ಆಮೇಲೆ ನಡೆದದ್ದು ಏನು. ಶಟರ್‌ಸ್ಟಾಕ್, ಅಲಾಮಿ ಇವು ಇಂಥದ್ದನ್ನು ತೆಗೆದುಕೊಳ್ಳುತ್ತವೆ.

ಹೇಳಬೇಕಾದ ಇನ್ನೊಂದು ಉಂಟು. ನಮ್ಮ ಎಣ್ಮಕಜೆ ಕಡೆ ಎಂಡೋಸಲ್ಫಾನ್ ಕೀಟನಾಶಕದಿಂದ ನರಳಿದ ಮಕ್ಕಳ ಮನೆಗಳಿಗೆ ಕ್ಯಾಮರಾ ಹಿಡಿದು ಬಂದವರು ಎಷ್ಟು ಮಂದಿ ಅಂತ ಲೆಕ್ಕ ಇಲ್ಲ. ಆ ಚಿತ್ರಗಳನ್ನು ಇಂಥ ತಾಣಕ್ಕೆ ಹಾಕುವುದನ್ನು ನಾನಂತೂ ಒಪ್ಪುವುದಿಲ್ಲ. ಎಡಿಟೋರಿಯಲ್ ಆದರೂ ಒಪ್ಪುವುದಿಲ್ಲ. ಇದರ ಮೇಲೆ ಚರ್ಚೆ ಬೇಡ ನನಗೆ.

ಕುಂಬಳೆ ಭಾವ

ಎಡಿಟೋರಿಯಲ್ ಅಂದಾಗ ನೆನಪಾಯಿತು. ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾದ ಚಿತ್ರ 2017ರಲ್ಲಿ ತೆಗೆದದ್ದು ನನ್ನ ಹತ್ತಿರ ಇತ್ತು. ಕಲ್ಲಿನ ಮೆಟ್ಟಿಲ ಹತ್ತಿರ ಮೂಗು ಮಾತ್ರ ನೀರಿನ ಮೇಲೆ, ಪಕ್ಕದಲ್ಲಿ ತೇಲುವ ಒಂದು ಎಲೆ. ಆಗಲೇ ಒಂದು ತಾಣಕ್ಕೆ ಏರಿಸಿದೆ. ಐದು ವರ್ಷ ಯಾರೂ ತಿರುಗಿ ನೋಡಲಿಲ್ಲ. 2022ರ ಅಕ್ಟೋಬರ್ 9ಕ್ಕೆ ಬಬಿಯಾ ಹೋಯಿತು. ಆ ವಾರ ಒಂಬತ್ತು ಸಲ ಇಳಿಯಿತು. ಆಮೇಲೆ ಮತ್ತೆ ಮೌನ. ಮೇಲಿನ 131ರಲ್ಲಿ ಅದು ಸೇರಿಲ್ಲ, ಆ ಖಾತೆಯನ್ನು ಆಮೇಲೆ ಮುಚ್ಚಿದೆ. ಒಂಬತ್ತಕ್ಕೆ ಬಂದದ್ದು ಮೂರು ಡಾಲರೂ ಆಗಲಿಲ್ಲ.

ಸಂಕಟ ಅದಲ್ಲ. ಕ್ಷೇತ್ರದ ಬಗ್ಗೆ ಪುಸ್ತಕ ಮಾಡುವವರೊಬ್ಬರು ಮುಖಪುಟಕ್ಕೆ ಅದೇ ಚಿತ್ರ ಕೇಳಿಕೊಂಡು ಮನೆಗೇ ಬಂದರು. ಬೇರೆ ಯಾರೂ ಬಳಸಿರಬಾರದು ಅಂದರು. ನಾನು ಆಗಲೇ ಒಂಬತ್ತು ಮಂದಿಗೆ ಕೊಟ್ಟಾಗಿತ್ತು, ಯಾರಿಗೆ ಅಂತಲೂ ಗೊತ್ತಿಲ್ಲ. ಚಾಯ ಕುಡಿದು ಹೋದರು.

ಅದಕ್ಕೇ ಈಗ ಎರಡು ಡಬ್ಬಿ ಮಾಡಿದ್ದೇನೆ. ಇನ್ನೊಮ್ಮೆ ತೆಗೆಯಬಹುದಾದ್ದು ತಾಣಕ್ಕೆ. ಇನ್ನೊಮ್ಮೆ ಸಿಗದ್ದು ಮನೆಯಲ್ಲೇ.

ಲೆಕ್ಕದ ಮಾಷ್ಟ್ರು

ದುಡ್ಡು ಕೈಗೆ ಬರುವ ದಾರಿ ಯಾರೂ ಹೇಳಲಿಲ್ಲ. ಅಡೋಬಿಯಲ್ಲಿ 25 ಡಾಲರ್ ಆಗುವವರೆಗೆ ಅಲ್ಲೇ ಇರುತ್ತದೆ, ಶಟರ್‌ಸ್ಟಾಕ್‌ನಲ್ಲೂ ಹೀಗೇ ಒಂದು ಕನಿಷ್ಠ ಮಿತಿ ಉಂಟು. ಖಾತೆ ತೆರೆದ ಕೂಡಲೇ ಡಬ್ಲ್ಯೂ-8ಬೆನ್ ಅನ್ನುವ ಅಮೆರಿಕದ ತೆರಿಗೆ ಫಾರ್ಮ್ ತುಂಬಿಸಿ, ಪ್ಯಾನ್ ನಂಬರ್ ಕೊಡಿ. ಇಲ್ಲದಿದ್ದರೆ ಅಮೆರಿಕದ ಗಿರಾಕಿಗಳಿಂದ ಬಂದ ದುಡ್ಡಿಗೆ ಶೇಕಡಾ 30 ತೆರಿಗೆ ಹಿಡಿಯುತ್ತಾರೆ. ತುಂಬಿಸಿದರೆ ಭಾರತದ ಒಪ್ಪಂದದ ಪ್ರಕಾರ 15. ಇಲ್ಲಿನ ರಿಟರ್ನಿನಲ್ಲೂ ತೋರಿಸಿ. ಮೊತ್ತ ಸಣ್ಣದು ಅಂತ ಬಿಡಬೇಡಿ.

ಆಟಿಯ ಕ್ಯಾಮರಾ (ಶುಕ್ರವಾರ ರಾತ್ರಿ)

ಮೂರು ದಿನ ಕೂತು ಒಂದು ತಾಣಕ್ಕೆ ಹತ್ತು ಚಿತ್ರ ಕಳಿಸಿದೆ. ಏಳು ವಾಪಸ್!

ಮೊದಲು ಸಿಟ್ಟು ಬಂತು. ಇಪ್ಪತ್ತು ವರ್ಷದ ಅನುಭವ, ಇವರು ಯಾರು ನನಗೆ ಹೇಳಲು ಅಂತ. ಆಮೇಲೆ ಒಂದೊಂದನ್ನೂ ನೂರು ಪರ್ಸೆಂಟಿಗೆ ಹಿಗ್ಗಿಸಿ ನೋಡಿದೆ. ಸಭಾಭವನದ ಬೆಳಕಿನಲ್ಲಿ ಐಎಸ್‌ಒ (ಕ್ಯಾಮರಾ ಬೆಳಕು ಹಿಡಿಯುವ ಶಕ್ತಿ) 3200ಕ್ಕೆ ಏರಿಸಿ ತೆಗೆದ ದೀಪದ ಚಿತ್ರ. ಆಲ್ಬಂನಲ್ಲಿ ಚಿನ್ನದ ಹಾಗೆ ಹೊಳೆಯುತ್ತದೆ, ಹಿಗ್ಗಿಸಿದರೆ ಕತ್ತಲೆಯ ಭಾಗದಲ್ಲಿ ರವೆ ಚೆಲ್ಲಿದ ಹಾಗೆ ಕಾಳು ಕಾಳು. ಇನ್ನೊಂದರಲ್ಲಿ ಫೋಕಸ್ ಕಣ್ಣಿನಲ್ಲಿಲ್ಲ, ಮೂಗುತಿಯಲ್ಲಿದೆ. ಅಡುಗೆಯವರ ಚಿತ್ರದಲ್ಲಿ ಮುಖ ಕಾಣದ ಹಾಗೆ ತೆಗೆದಿದ್ದೆ, ಬುದ್ಧಿವಂತಿಕೆ ಅಂದುಕೊಂಡು. ಹಿಂದೆ ಎಣ್ಣೆಯ ಟಿನ್ನಿನ ಮೇಲೆ ಕಂಪೆನಿಯ ಹೆಸರು ಇಷ್ಟು ದೊಡ್ಡದಾಗಿ ಇದೆ!

ಪಾಸಾದದ್ದು ಮೂರು. ಹಲಸಿನ ಹಪ್ಪಳ ಒಣಗಲು ಇಟ್ಟದ್ದು, ಮುರಕಲ್ಲಿನ ಗೋಡೆಯ ಮೇಲೆ ಪಾಚಿ, ಮಳೆಯಲ್ಲಿ ಹಂಚಿನ ಮಾಡು. ಮೂರೂ ನಮ್ಮ ಮನೆಯಿಂದ ಹೊರಗೆ ಹೋಗದೆ ತೆಗೆದದ್ದು.

ಪೆರ್ಲದಕ್ಕ

ಹಪ್ಪಳಕ್ಕೆ ಕೀವರ್ಡ್ ಎಂತ ಹಾಕಿದ್ದೀರಿ?

ಆಟಿಯ ಕ್ಯಾಮರಾ

ಫುಡ್, ಇಂಡಿಯಾ, ಬ್ಯೂಟಿಫುಲ್, ನೇಚರ್.

ಪೆರ್ಲದಕ್ಕ

ಅಣ್ಣ, ಬ್ಯೂಟಿಫುಲ್ ಅಂತ ಹಪ್ಪಳ ಹುಡುಕುವವರು ಯಾರಿದ್ದಾರೆ? ಜಾಕ್‌ಫ್ರೂಟ್ ಅನ್ನಿ, ಪಾಪಡ್ ಅನ್ನಿ, ಸನ್ ಡ್ರೈಯಿಂಗ್ ಅನ್ನಿ, ಚಾಪೆಯ ಹೆಸರು ಹಾಕಿ, ಕಾಸರಗೋಡು, ಕೇರಳ, ಕರಾವಳಿ ಎಲ್ಲ ಹಾಕಿ. ಅಡೋಬಿಯಲ್ಲಿ 49, ಶಟರ್‌ಸ್ಟಾಕ್‌ನಲ್ಲಿ 50 ಹಾಕಬಹುದು. ಅಡೋಬಿಯಲ್ಲಿ ಮೊದಲ ಹತ್ತಕ್ಕೆ ತೂಕ ಜಾಸ್ತಿ, ಮುಖ್ಯವಾದ್ದು ಮೊದಲು ಬರಲಿ. ಅಡಿಕೆಯ ಚಿತ್ರಕ್ಕೆ ನಾನು ಅರೆಕಾನಟ್ ಅಂತ ಮಾತ್ರ ಹಾಕುತ್ತಿದ್ದೆ. ಹೊರದೇಶದವರು ಹುಡುಕುವುದು ಬೀಟಲ್ ನಟ್ ಅಂತ. ಅದನ್ನೂ, ಅರೆಕಾ ಕಟೆಚು ಅನ್ನುವ ಶಾಸ್ತ್ರೀಯ ಹೆಸರನ್ನೂ ಸೇರಿಸಿದ ಮೇಲೆ ಸತ್ತು ಬಿದ್ದಿದ್ದ ಎರಡು ಚಿತ್ರ ಎದ್ದವು.

ಮೊಗ್ರಾಲ್ ಹುಡುಗ

ಇಷ್ಟೆಲ್ಲ ಕಷ್ಟ ಯಾಕೆ? ಅಡೋಬಿಯವರು 2022ರ ಡಿಸೆಂಬರಿನಿಂದ ಎಐ ಚಿತ್ರವನ್ನೂ ತೆಗೆದುಕೊಳ್ಳುತ್ತಾರೆ, ಎಐ ಅಂತ ಗುರುತು ಹಾಕಿದರಾಯಿತು. ದಿನಕ್ಕೆ ನೂರು ಮಾಡಬಹುದು.

ಫ್ಲೆಕ್ಸ್‌ಮನೆ

ನೀನು ನೂರು ಮಾಡುತ್ತೀ, ಅದೇ ನೂರನ್ನು ನಾನೂ ಇಲ್ಲೇ ಕೂತು ಮಾಡಿಕೊಳ್ಳುತ್ತೇನೆ. ನಿನ್ನಿಂದ ಯಾಕೆ ಕೊಳ್ಳಲಿ?

ನಿನ್ನೆ ಬಾಯಾರಿನ ಒಬ್ಬರ ಬ್ರೋಷರಿಗೆ ಸುರಂಗದ ಚಿತ್ರ ಬೇಕಿತ್ತು. ನಮ್ಮ ಕುಡಿಯುವ ನೀರಿನ ಸುರಂಗ. ಎಐಗೆ ಹೇಳಿದೆ. ರೈಲ್ವೆ ಸುರಂಗ ಕೊಟ್ಟಿತು, ಒಳಗೆ ಹಳಿ ಸಮೇತ. ನೀರಿನದ್ದು ಅಂದೆ. ಹಳಿಯ ಮೇಲೆ ನೀರು ನಿಲ್ಲಿಸಿತು.

ಪೆರ್ಲದಕ್ಕ

😄 ಸುರಂಗ ನಮ್ಮ ಮನೆ ಹಿಂದೆಯೇ ಉಂಟು! ಗುಡ್ಡಕ್ಕೆ ಅಡ್ಡವಾಗಿ ಮುರಕಲ್ಲಿನಲ್ಲಿ ಕೊರೆದದ್ದು, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು. ಅಜ್ಜನ ಕಾಲದ ಪಿಕ್ಕಾಸಿನ ಗುರುತು ಗೋಡೆಯಲ್ಲಿ ಹಾಗೇ ಇದೆ. ಪಂಪಿಲ್ಲ, ಕರೆಂಟಿಲ್ಲ, ನೀರು ತಾನಾಗಿ ಹರಿದು ತೊಟ್ಟಿಗೆ ಬರುತ್ತದೆ. ಹೋದ ವರ್ಷ ನಾನು ಟ್ರೈಪಾಡ್ ಇಟ್ಟು ಐಎಸ್‌ಒ 100, 30 ಸೆಕೆಂಡಿಗೆ ತೆಗೆದೆ. ತಮ್ಮ ಟಾರ್ಚ್ ಹಿಡಿದು ಒಳಗೆ ನಿಂತಿದ್ದ. ಲೆನ್ಸ್ ಮಂಜಾಗುತ್ತದೆ, ಒಳಗೆ ಹತ್ತು ನಿಮಿಷ ಹಾಗೇ ಬಿಟ್ಟು ಒರೆಸಿ ತೆಗೆಯಬೇಕು. ಮೂರು ಚಿತ್ರ ಹಾಕಿದ್ದೇನೆ. ಜಾಸ್ತಿ ಹೋಗುವುದಿಲ್ಲ, ಆದರೆ ಹುಡುಕುವವನಿಗೆ ಬೇರೆ ಆಯ್ಕೆ ಇಲ್ಲ.

ಆಟಿಯ ಕ್ಯಾಮರಾ

ಅಕ್ಕಾ, ಭಾನುವಾರ ಬರಬಹುದಾ?

ಪೆರ್ಲದಕ್ಕ

ಈಗ ಬೇಡ ಅಣ್ಣ. ಈ ಮಳೆಗೆ ಮಣ್ಣು ಸಡಿಲ, ಒಳಗೆ ಹೋಗುವ ಸಮಯ ಅಲ್ಲ. ದೀಪಾವಳಿ ಕಳೆಯಲಿ. ಬರುವಾಗ ಮೇಣದ ಬತ್ತಿ ತನ್ನಿ. ಒಳಗೆ ಅದು ನಂದಿದರೆ ಗಾಳಿ ಇಲ್ಲ ಅಂತ ಲೆಕ್ಕ, ಕೂಡಲೇ ಹೊರಗೆ ಬರಬೇಕು.

ಕುಂಬಳೆ ಭಾವ

ಭಾನುವಾರ ನಮ್ಮಲ್ಲಿಗೆ ಬನ್ನಿ ಆಟಿಯವರೇ. ಎರಡು ದಿನ ಬಿಸಿಲು ಬಂದರೆ ಎರಡನೇ ಸಲದ ಮದ್ದು ಬಿಡಿಸುತ್ತೇನೆ. ಮರ ಹತ್ತುವವನ ಹತ್ತಿರ ನಿನ್ನೆಯೇ ಕೇಳಿದೆ, ಸಹಿ ಹಾಕುತ್ತಾನಂತೆ. ಅವನಿಗೆ ಇನ್ನೂರು ರೂಪಾಯಿ ಬೇರೆ ಕೊಡಿ. ಮುಟ್ಟಾಳೆ ಅಟ್ಟದಲ್ಲಿ ಉಂಟು, ಫ್ಲೆಕ್ಸ್‌ಮನೆಯವರ ಕೆಲಸವೂ ಆಗಲಿ.

ಫ್ಲೆಕ್ಸ್‌ಮನೆ

500 ಎತ್ತಿಟ್ಟಿದ್ದೇನೆ. ಮುಂದಿನ ವರ್ಷದ ಕ್ಯಾಲೆಂಡರಿಗೆ.

ಆಟಿಯ ಕ್ಯಾಮರಾ

ಬಂದೆ ಭಾವ. ಏನೇನು ತರಬೇಕು?

ಕುಂಬಳೆ ಭಾವ

ಕ್ಯಾಮರಾಕ್ಕೆ ಪ್ಲಾಸ್ಟಿಕ್ ಕವರು. ಬಿಳಿ ಅಂಗಿ ಹಾಕಬೇಡಿ, ಮೈಲುತುತ್ತಿನ ಕಲೆ ಹೋಗುವುದಿಲ್ಲ. ಪಂಪಿನ ಮೇಲಿನ ಕಂಪೆನಿ ಹೆಸರಿಗೆ ಟೇಪು ನಾನು ಅಂಟಿಸಿಡುತ್ತೇನೆ.